ಹಾಸನದಲ್ಲಿ ಕೋಚ್ ಇದ್ದಾರೆ, ಎದುರಾಳಿ ಇಲ್ಲ

ಪ್ರಶ್ನೆ: ನಾವು ಹಾಸನದವರು. ನಾನು ಶಾಲಾ ಶಿಕ್ಷಕಿ. ಮನೆಯವರಿಗೆ ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟವಿದೆ. ಮಗಳಿಗೆ ಈಗ 12 ವರ್ಷ, ಏಳನೇ ಕ್ಲಾಸು. ಎಂಟನೇ ವಯಸ್ಸಿಗೆ ಟೆನಿಸ್ ಶುರು ಮಾಡಿದಳು. ಕಳೆದ ವರ್ಷ 12ರೊಳಗಿನವರ ಟೂರ್ನಿಗಳಲ್ಲಿ ಎರಡು ಸಲ ಸೆಮಿಫೈನಲ್ ತಲುಪಿದ್ದಳು. ಈ ವರ್ಷ 14ರೊಳಗಿನವರ ವಿಭಾಗಕ್ಕೆ ಹೋದ ಮೇಲೆ ಮೊದಲ ರೌಂಡಿನಲ್ಲೇ ಸೋಲುತ್ತಿದ್ದಾಳೆ. ಬೆಂಗಳೂರಿನ ಕೋಚ್ ಒಬ್ಬರು ಅವಳ ಆಟ ನೋಡಿ, ‘ಒಳ್ಳೆ ಪ್ರತಿಭೆ, ಈಗಲೇ ಇಲ್ಲಿಗೆ ಶಿಫ್ಟ್ ಆಗಿ, ಇಲ್ಲದಿದ್ದರೆ ತಡವಾಗುತ್ತದೆ’ ಎಂದರು. ಕೊಯಮತ್ತೂರಿನ ಮಾಯಾ ರಾಜೇಶ್ವರನ್ 15ಕ್ಕೇ ಎಲ್ಲಿಗೆ ತಲುಪಿದಳು ನೋಡಿ ಅಂತಲೂ ಹೇಳಿದರು. ತೋಟದ ಮೇಲೆ ಸಾಲ ತೆಗೆದು, ನಾನು ರಜೆ ಹಾಕಿ, ಮಗಳ ಜೊತೆ ಬೆಂಗಳೂರಿನಲ್ಲಿ ಮನೆ ಮಾಡುವುದು ಸರಿಯಾ? ಶಾಲೆ ಬಿಡಿಸಬೇಕಾಗುತ್ತದಾ?

ಉತ್ತರ: ಮೇಡಂ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಈ ವರ್ಷ ಬೆಂಗಳೂರಿಗೆ ಹೋಗಬೇಡಿ. ತೋಟದ ಮೇಲೆ ಸಾಲವಂತೂ ಬೇಡವೇ ಬೇಡ. ಶಾಲೆ ಬಿಡಿಸುವ ಮಾತನ್ನು ಸದ್ಯಕ್ಕೆ ಮರೆತುಬಿಡಿ. ಹಾಗಂತ ಈಗ ನಡೆಯುತ್ತಿರುವಂತೆಯೇ ನಡೆಯಲಿ ಎನ್ನುತ್ತಿಲ್ಲ. ಹಾಸನದಲ್ಲಿ ನಿಮ್ಮ ಮಗಳಿಗೆ ಒಂದು ಕೊರತೆ ಖಂಡಿತ ಇದೆ. ಆದರೆ ಅದು ನಿಮಗೆ ಆ ಕೋಚ್ ಹೇಳಿದ ಕೊರತೆ ಅಲ್ಲ.

ಮೊದಲ ರೌಂಡಿನ ಸೋಲಿನಿಂದ ಶುರು ಮಾಡೋಣ. ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಅದೇ ಅಲ್ವಾ?

12ರೊಳಗಿನವರ ಟೆನಿಸ್‌ನಲ್ಲಿ ತಪ್ಪು ಮಾಡದವಳು ಗೆಲ್ಲುತ್ತಾಳೆ. ಚೆಂಡನ್ನು ಎತ್ತರಕ್ಕೆ ಎತ್ತಿ, ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ಹತ್ತಿರ ಬೀಳಿಸಿ, ಎದುರಿನವಳು ಹೊರಗೆ ಹೊಡೆಯುವವರೆಗೆ ಕಾದರೆ ಸಾಕು. ಆ ಎತ್ತರದ ಚೆಂಡು ಪುಟಿದು ಸಣ್ಣ ಹುಡುಗಿಯರ ತಲೆಯ ಮೇಲಿಂದ ಹೋಗುತ್ತದೆ. ಎರಡು ಸಲ ಸೆಮಿಫೈನಲ್‌ಗೆ ಬಂದಿದ್ದಾಳೆ ಅಂದರೆ ತಾಳ್ಮೆಯೂ ಕಾಲಿನ ಓಟವೂ ಅವಳಲ್ಲಿವೆ. 14ರೊಳಗಿನವರ ವಿಭಾಗದಲ್ಲಿ ಕಥೆಯೇ ಬೇರೆ. ಎದುರಿಗೆ ಇನ್ನೆರಡು ತಿಂಗಳಲ್ಲಿ 14 ತುಂಬುವ ಹುಡುಗಿ ನಿಂತಿರಬಹುದು. ಹೆಣ್ಣುಮಕ್ಕಳು ದಿಢೀರನೆ ಎತ್ತರವಾಗುವುದು 11, 12ರ ಆಸುಪಾಸಿನಲ್ಲೇ. ಹಾಗಾಗಿ ಅವಳು ನಿಮ್ಮ ಮಗಳಿಗಿಂತ ನಾಲ್ಕೈದು ಇಂಚು ಎತ್ತರವಿದ್ದರೂ ಆಶ್ಚರ್ಯವಿಲ್ಲ. ನಿಮ್ಮ ಮಗಳು ಎತ್ತಿ ಹಾಕಿದ ಚೆಂಡು ಈಗ ಅವಳ ಭುಜದ ಮಟ್ಟಕ್ಕೆ ಬರುತ್ತದೆ, ಅವಳು ಅದನ್ನು ಹೊಡೆದು ಮುಗಿಸುತ್ತಾಳೆ. ಮೊದಲ ಸರ್ವ್ ತಪ್ಪಿದಾಗ ಮಾಡುವ ನಿಧಾನದ ಸೆಕೆಂಡ್ ಸರ್ವ್‌ಗೂ ಅದೇ ಗತಿ.

ಇದು ಪ್ರತಿಭೆ ಕಡಿಮೆಯಾದದ್ದಲ್ಲ. ಹಳೆಯ ಆಟ ಕೆಲಸಕ್ಕೆ ಬಾರದಾಗಿದೆ, ಹೊಸ ಆಟ ಇನ್ನೂ ಬಂದಿಲ್ಲ. ಈ ನಡುವಿನ ಕಾಲ ಎಲ್ಲರಿಗೂ ಬರುತ್ತದೆ. ಬೆಂಗಳೂರಿನ ದೊಡ್ಡ ಅಕಾಡೆಮಿಯ ಮಕ್ಕಳಿಗೂ ಬರುತ್ತದೆ.

ಒಂದು ಕೆಲಸ ಮಾಡಿ. ಮುಂದಿನ ಟೂರ್ನಿಗೆ ಒಂದು ನೋಟ್‌ಬುಕ್ ಒಯ್ಯಿರಿ. ಮೊದಲ ಸರ್ವ್ ಎಷ್ಟು ಒಳಗೆ ಬಿತ್ತು, ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿದ್ದು) ಎಷ್ಟು, ಪ್ರತಿ ಪಾಯಿಂಟ್ ಹೇಗೆ ಮುಗಿಯಿತು ಬರೆದುಕೊಳ್ಳಿ. ಇವಳು ತಪ್ಪು ಮಾಡಿದ್ದಾ, ಅವಳು ಹೊಡೆದು ಗೆದ್ದದ್ದಾ, ಅಷ್ಟು ಸಾಕು. ಇವಳನ್ನು ಸೋಲಿಸಿದವಳು ಆ ಟೂರ್ನಿಯಲ್ಲಿ ಎಲ್ಲಿಯವರೆಗೆ ಹೋದಳು ಅಂತ ಡ್ರಾ ಶೀಟಿನಲ್ಲಿ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ನೋಡಿ. ಫೈನಲ್ ಆಡಿದವಳ ಕೈಲಿ 6-3, 6-4ರಲ್ಲಿ ಸೋತಿದ್ದರೆ ಅದನ್ನು ಕೆಟ್ಟ ಫಲಿತಾಂಶ ಎನ್ನಲಾಗದು. ಎರಡನೇ ರೌಂಡಿನಲ್ಲೇ ಹೊರಬಿದ್ದವಳ ಕೈಲಿ 6-0, 6-1 ಆಗಿದ್ದರೆ ಯೋಚಿಸಬೇಕು. ‘ಮೊದಲ ರೌಂಡಿನಲ್ಲಿ ಸೋತಳು’ ಎಂಬ ಒಂದೇ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ.

ಅವಳ ಸರ್ವ್‌ನ ಗ್ರಿಪ್ ಕೂಡ ನೋಡಿ. ನಮ್ಮ ಸಣ್ಣ ಊರುಗಳ ಬಹಳ ಮಕ್ಕಳು ಫೋರ್‌ಹ್ಯಾಂಡ್ ಹಿಡಿತದಲ್ಲೇ ಸರ್ವ್ ಮಾಡುತ್ತಾರೆ. ಚೆಂಡು ಒಳಗೆ ಬೀಳುತ್ತದೆ, ಹಾಗಾಗಿ ಯಾರೂ ತಿದ್ದುವುದಿಲ್ಲ. ಸುತ್ತಿಗೆ ಹಿಡಿದ ಹಾಗೆ ರ‍್ಯಾಕೆಟ್ ಹಿಡಿಯುವ ಕಾಂಟಿನೆಂಟಲ್ ಗ್ರಿಪ್ ಇಲ್ಲದೆ ಸೆಕೆಂಡ್ ಸರ್ವ್‌ಗೆ ಸರಿಯಾದ ಸ್ಪಿನ್ ಬರುವುದು ಕಷ್ಟ. ಗ್ರಿಪ್ ಬದಲಿಸಿದರೆ ಕೆಲವು ತಿಂಗಳು ಡಬಲ್ ಫಾಲ್ಟ್ ಸುರಿಯುತ್ತವೆ, ಮ್ಯಾಚ್‌ಗಳೂ ಕೈಬಿಡುತ್ತವೆ. 12ರಲ್ಲಿ ಆ ಬೆಲೆ ಕೊಡಬಹುದು. 16ರಲ್ಲಿ ಕೊಡಲು ಯಾರಿಗೂ ಧೈರ್ಯವಿರುವುದಿಲ್ಲ. ಇದನ್ನು ಹಾಸನದ ನಿಮ್ಮ ಕೋಚ್ ಕೈಲೇ ಮಾಡಿಸಬಹುದು.

ಇನ್ನು ‘ತಡವಾಗುತ್ತದೆ’ ಎಂಬ ಮಾತು. ಯಾವುದಕ್ಕೆ ತಡ?

ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ನಿನ (ಐಟಿಎಫ್) ಜೂನಿಯರ್ ಟೂರ್ನಿಗಳಿಗೆ 13 ತುಂಬುವವರೆಗೆ ಪ್ರವೇಶವೇ ಇಲ್ಲ. ಆಮೇಲೂ ಚಿಕ್ಕ ವಯಸ್ಸಿನವರು ವರ್ಷಕ್ಕೆ ಇಷ್ಟೇ ಟೂರ್ನಿ ಆಡಬಹುದು ಎಂಬ ಮಿತಿ ಇದೆ. ಮಹಿಳೆಯರ ವೃತ್ತಿಪರ ಟೂರ್ನಿಗಳನ್ನು 14 ತುಂಬದ ಹುಡುಗಿ ಆಡುವಂತಿಲ್ಲ. 18 ಆಗುವವರೆಗೂ ಅಲ್ಲಿ ವರ್ಷಕ್ಕೆ ಲೆಕ್ಕದ ಟೂರ್ನಿಗಳು ಮಾತ್ರ. ಈ ನಿಯಮ ಬಂದದ್ದರ ಹಿಂದೆ ಜೆನಿಫರ್ ಕ್ಯಾಪ್ರಿಯಾಟಿ ಕಥೆ ಇದೆ. ಅಮೆರಿಕದ ಈ ಹುಡುಗಿ 1990ರ ಮಾರ್ಚ್‌ನಲ್ಲಿ, 14 ತುಂಬುವುದಕ್ಕೂ ಮೊದಲೇ ವೃತ್ತಿಪರಳಾದಳು. ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್ ಆಡಿದಳು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಸೋಲಿಸಿ ಚಿನ್ನ ಗೆದ್ದಳು. 1994ರ ಹೊತ್ತಿಗೆ ಟೆನಿಸ್ ಬಿಟ್ಟು, ಮಾದಕ ವಸ್ತು ಇಟ್ಟುಕೊಂಡ ಆರೋಪದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದಳು. ಅದಾದ ಮೇಲೆ, 1995ರಿಂದ, ವಯಸ್ಸಿನ ಮಿತಿ ಬಿಗಿಯಾಯಿತು. ಆಕೆ ಮರಳಿ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಳು ಅನ್ನುವುದೂ ನಿಜ. ಆದರೆ ಎಲ್ಲರೂ ಹಾಗೆ ಮರಳುವುದಿಲ್ಲ.

ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ ಅವರನ್ನೇ ನೋಡಿ. ಅವರದೂ ನಿಮ್ಮ ಹಾಗೆ ಕಾಫಿ ತೋಟದ ಮನೆ. ಟೆನಿಸ್ ಶುರು ಮಾಡಿದ್ದು 11ನೇ ವಯಸ್ಸಿಗೆ. 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಇಟಲಿಯ ಯಾನಿಕ್ ಸಿನ್ನರ್ ಹುಡುಗನಾಗಿದ್ದಾಗ ಟೆನಿಸ್‌ಗಿಂತ ಸ್ಕೀಯಿಂಗ್‌ನಲ್ಲೇ ಹೆಸರು ಮಾಡಿದ್ದ. ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಅವನು ಮುಟ್ಟಿದ ಅತಿ ಎತ್ತರದ ಸ್ಥಾನ 133. ದೊಡ್ಡವರ ಟೆನಿಸ್‌ನಲ್ಲಿ 2024ರಲ್ಲಿ ಒಂದನೇ ಸ್ಥಾನಕ್ಕೆ ಬಂದ. ಸಿನ್ನರ್ 13ಕ್ಕೇ ಮನೆ ಬಿಟ್ಟು ಕೋಚ್ ರಿಕಾರ್ಡೊ ಪಿಯಾಟಿ ಅವರ ಹತ್ತಿರ ಹೋದ ಅಂತ ಯಾರಾದರೂ ನಿಮಗೆ ಹೇಳಬಹುದು. ನಿಜವೇ. ಆದರೆ ಅವನು ಹೋದದ್ದು ಹೆಸರಾಂತ ಕೋಚ್ ಒಬ್ಬರನ್ನು ಹುಡುಕಿಕೊಂಡು, ಬೋರ್ಡಿಗೇರಾ ಎಂಬ ಸಣ್ಣ ಊರಿಗೆ. ದೊಡ್ಡ ನಗರಕ್ಕಲ್ಲ.

ಮಾಯಾ ವಿಷಯಕ್ಕೂ ಬರೋಣ. 2025ರ ಫೆಬ್ರವರಿಯಲ್ಲಿ ಮುಂಬೈನ ಡಬ್ಲ್ಯುಟಿಎ 125 ಎಂಬ ಮಹಿಳೆಯರ ವೃತ್ತಿಪರ ಟೂರ್ನಿಗೆ ಕ್ವಾಲಿಫೈಯಿಂಗ್ (ಅರ್ಹತಾ ಸುತ್ತು) ಆಡಿ ಬಂದು, 15ರಲ್ಲೇ ಸೆಮಿಫೈನಲ್ ತಲುಪಿದಳು. ಬಹಳ ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಆ ಕೋಚ್ ನಿಮ್ಮನ್ನು ಊರು ಬಿಡಿಸಲು ಕೊಟ್ಟ ಉದಾಹರಣೆ ಅವರಿಗೇ ತಿರುಗುಬಾಣ. ಮಾಯಾ ಆಟ ಕಲಿತದ್ದು ಕೊಯಮತ್ತೂರಿನಲ್ಲಿ. ಸ್ಪೇನ್‌ನ ನಡಾಲ್ ಅಕಾಡೆಮಿಯ ಕರೆ ಬಂದದ್ದು ಆಟ ಕಣ್ಣಿಗೆ ಬಿದ್ದ ಮೇಲೆ.

ಈಗ ನಿಜವಾದ ಕೊರತೆ. ಫೋರ್‌ಹ್ಯಾಂಡ್ ಕಲಿಸುವ ಕೋಚ್ ಹಾಸನದಲ್ಲಿ ಸಿಗುತ್ತಾರೆ. ಸಿಗದಿರುವುದು ಎದುರಾಳಿ. ವಾರದಲ್ಲಿ ನಾಲ್ಕು ದಿನ ಅದೇ ಮೂರು ಮಕ್ಕಳ ಜೊತೆ ಆಡಿದರೆ ಅವರ ಚೆಂಡು ಎಲ್ಲಿಗೆ ಬರುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಬೆಂಗಳೂರಿನ ಹುಡುಗಿ ತಿಂಗಳಿಗೆ ಹತ್ತು ಹೊಸ ಮುಖಗಳ ಜೊತೆ ಸೆಟ್ ಆಡುತ್ತಾಳೆ. ಎಡಗೈಯವಳು, ಚೆಂಡನ್ನು ಕೊಯ್ದ ಹಾಗೆ ಸ್ಲೈಸ್ ಮಾಡುವವಳು, ಬರೀ ಹೊಡೆಯುವವಳು, ಗಲಾಟೆ ಮಾಡುವವಳು. ಅಂತರ ಹುಟ್ಟುವುದು ಇಲ್ಲಿ. ಹಾಗಾಗಿ ನೀವು ದುಡ್ಡು ಹಾಕಬೇಕಾದ್ದು ಊರು ಬದಲಿಸುವುದಕ್ಕಲ್ಲ, ಎದುರಾಳಿಗಳನ್ನು ಹುಡುಕುವುದಕ್ಕೆ.

ಮೊದಲು ಊರಲ್ಲೇ ಹುಡುಕಿ. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಹೊರಗಿನಿಂದ ಬಂದು ಓದುವ ಮಕ್ಕಳಲ್ಲಿ ಜೂನಿಯರ್ ಟೆನಿಸ್ ಆಡಿ ಬಿಟ್ಟವರು ಸಿಗಬಹುದು. ಅವರ ಸರ್ವ್ ಎದುರಿಸಿದವಳಿಗೆ 14ರ ಹುಡುಗಿಯ ಸರ್ವ್ ಭಯ ಹುಟ್ಟಿಸುವುದಿಲ್ಲ. ಅಂಕ ಸಮ ಮಾಡಲು ಅವರಿಗೆ ಒಂದೇ ಸರ್ವ್ ಕೊಡಿ, ಇಲ್ಲವೇ ಪ್ರತಿ ಗೇಮನ್ನು ಇವಳ ಪರ 30-0ಯಿಂದ ಶುರು ಮಾಡಿಸಿ. ಎರಡನೆಯದು ಪ್ಲಾಂಟರ್ಸ್ ಕ್ಲಬ್‌ಗಳು. ನಿಮ್ಮ ಮನೆಯವರಿಗೆ ಸಕಲೇಶಪುರದ ಕಡೆ ಪರಿಚಯ ಇದ್ದೇ ಇರುತ್ತದೆ. ಅಲ್ಲಿ ಸಂಜೆ ಆಡುವ 60 ದಾಟಿದ ಅಂಕಲ್‌ಗಳು ಓಡುವುದಿಲ್ಲ, ಆದರೆ ಎದುರಿನವರನ್ನು ಓಡಿಸುತ್ತಾರೆ. ನೆಟ್ ಪಕ್ಕದಲ್ಲೇ ಬೀಳಿಸುವ ಡ್ರಾಪ್ ಶಾಟ್, ತಲೆಯ ಮೇಲಿಂದ ದಾಟಿಸುವ ಲಾಬ್, ನೆಲಕ್ಕಂಟುವ ಸ್ಲೈಸ್. ಅಕಾಡೆಮಿಗಳಲ್ಲಿ ಈ ಕೈಚಳಕವನ್ನು ಈಗ ಯಾರೂ ಕಲಿಸುವುದಿಲ್ಲ. ಅಂಥವರ ಕೈಲಿ ಸೋತು ಅಳುತ್ತಾ ಬಂದರೆ ಒಳ್ಳೆಯದೇ ಆಯಿತು ಅಂದುಕೊಳ್ಳಿ. ಡಬಲ್ಸ್ ಆಡಲು ಕರೆದರೆ ಖಂಡಿತ ಕಳಿಸಿ. ನೆಟ್ ಹತ್ತಿರ ನಿಲ್ಲುವ ಧೈರ್ಯ ಅಲ್ಲೇ ಬರುವುದು.

ಮೂರನೆಯದು ಹೊರಗೆ ಹೋಗುವುದು. ಮೈಸೂರು ಸುಮಾರು 120 ಕಿ.ಮೀ., ಬೆಂಗಳೂರು 185 ಕಿ.ಮೀ. ಆಸುಪಾಸು. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ 2017ರಲ್ಲಿ ಶುರುವಾದ ಮೇಲೆ ಕಾರೇ ಬೇಕು ಅಂತಿಲ್ಲ. ತಿಂಗಳಿಗೆ ಒಂದು ಶನಿವಾರ, ಭಾನುವಾರ ಗೊತ್ತು ಮಾಡಿಕೊಳ್ಳಿ. ಟೂರ್ನಿಗಲ್ಲ, ಪ್ರಾಕ್ಟೀಸ್ ಸೆಟ್‌ಗೆ. ಟೂರ್ನಿಗಳಲ್ಲಿ ಪರಿಚಯವಾದ ಅಮ್ಮಂದಿರ ಫೋನ್ ನಂಬರ್ ನಿಮ್ಮ ಹತ್ತಿರ ಇರುತ್ತದೆ. ‘ನಾವು ಬರ್ತೀವಿ, ಇಬ್ಬರೂ ಎರಡು ಸೆಟ್ ಆಡಲಿ’ ಅಂದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಅವರಿಗೂ ಹೊಸ ಎದುರಾಳಿ ಬೇಕಲ್ಲ. ಆ ಸೆಟ್‌ಗಳಿಗೆ ಹೊಸ ಚೆಂಡಿನ ಡಬ್ಬಿ ಒಡೆಯಿರಿ. ಗಾಳಿ ಹೋದ ಹಳೆಯ ಚೆಂಡಿನಲ್ಲೇ ತಿಂಗಳಿಡೀ ಆಡಿದ ಮಗುವಿಗೆ ಟೂರ್ನಿಯ ಹೊಸ ಚೆಂಡು ಹಾರಿದಂತೆ ಅನಿಸುತ್ತದೆ. ಮೊದಲ ರೌಂಡಿನ ಸೋಲಿಗೆ ಇದೂ ಒಂದು ಕಾರಣ ಇರಬಹುದು, ಯಾರೂ ಗಮನಿಸುವುದಿಲ್ಲ ಅಷ್ಟೇ.

ಚೆಂಡಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಬೆಂಗಳೂರೂ ಹಾಗೆಯೇ. ಗಾಳಿ ತೆಳು, ಚೆಂಡು ವೇಗವಾಗಿ ಓಡುತ್ತದೆ. ಇಲ್ಲಿ ಬೇಸ್‌ಲೈನ್ ಮೇಲೆ ಬೀಳುವ ಹೊಡೆತ ಚೆನ್ನೈಯಲ್ಲೋ ಮಂಗಳೂರಲ್ಲೋ ಒಂದಷ್ಟು ಮೊದಲೇ ಬೀಳುತ್ತದೆ. ಕರಾವಳಿಯ ಊರಿನಲ್ಲಿ ಟೂರ್ನಿ ಇದ್ದರೆ ಹಿಂದಿನ ರಾತ್ರಿ ತಲುಪಬೇಡಿ, ಎರಡು ದಿನ ಮೊದಲೇ ಹೋಗಿ. ಸೆಕೆಗೂ ಮೈ ಒಗ್ಗಬೇಕು.

ಟೂರ್ನಿಗಳ ಬಗ್ಗೆ. ಮಗಳ ಹೆಸರು ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ ನೋಂದಣಿ ಆಗಿರಬೇಕು, ಜನನ ಪ್ರಮಾಣಪತ್ರ ಸರಿ ಇರಬೇಕು. ಅಲ್ಲಿಂದ ಮುಂದೆ ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ನ್ಯಾಷನಲ್ ಸೀರೀಸ್ ಹೀಗೆ ಮೆಟ್ಟಿಲುಗಳಿವೆ. ಪಾಯಿಂಟ್‌ಗೆ ಆಸೆಪಟ್ಟು ಡ್ರಾ ಸಣ್ಣದಿದೆ ಅಂತ ದೇಶದ ಆ ತುದಿಗೆ ವಿಮಾನ ಹತ್ತುವ ಪೋಷಕರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ರ‍್ಯಾಂಕಿಂಗ್ ಏರುತ್ತದೆ, ಆಟ ಇದ್ದಲ್ಲೇ ಇರುತ್ತದೆ. ಕೋಚ್‌ಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ ಎರಡು ಗೆಲುವಿಗೆ ಒಂದು ಸೋಲು. ಬರೀ ಗೆಲ್ಲುತ್ತಿದ್ದರೆ ಮೇಲಿನ ಮೆಟ್ಟಿಲಿಗೆ ಹೋಗಬೇಕು. ಬರೀ ಸೋಲುತ್ತಿದ್ದರೆ ಒಂದು ಮೆಟ್ಟಿಲು ಇಳಿಯಬೇಕು. ನಿಮ್ಮ ಮಗಳು ಈಗ ಒಂದು ಮೆಟ್ಟಿಲು ಇಳಿದು, ಕರ್ನಾಟಕದೊಳಗಿನ ಟೂರ್ನಿಗಳನ್ನೇ ಆರಿಸಿ ಆಡಲಿ. ಇಳಿಯುವುದರಲ್ಲಿ ಅವಮಾನ ಏನಿಲ್ಲ.

ಇನ್ನೂ ಒಂದು ಅಗ್ಗದ ಪಾಠವಿದೆ. ಮೈಸೂರು, ಮಂಡ್ಯ, ಧಾರವಾಡ, ಕಲಬುರಗಿಯಂಥ ಊರುಗಳಲ್ಲಿ ಐಟಿಎಫ್ ಪುರುಷರ ಟೂರ್ನಿಗಳು ನಡೆದಿವೆ. ಮುಂದೆ ಮೈಸೂರಿನಲ್ಲಿ ನಡೆದರೆ ಕರೆದುಕೊಂಡು ಹೋಗಿ. ಫೈನಲ್ ಬೇಡ, ಕ್ವಾಲಿಫೈಯಿಂಗ್ ದಿನ ಹೋಗಿ. ಟಿವಿಯಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಪಾಯಿಂಟ್‌ಗಳ ನಡುವೆ ಆಟಗಾರರು ಏನು ಮಾಡುತ್ತಾರೆ, ಸೋತವನು ಹೇಗೆ ಒಬ್ಬನೇ ಬ್ಯಾಗ್ ಹೊತ್ತು ಆಟೊ ಹುಡುಕುತ್ತಾನೆ, ಎಲ್ಲವೂ. ಅದನ್ನು ನೋಡಿಯೂ ಅವಳ ಕಣ್ಣು ಹೊಳೆದರೆ ಅದು ನಿಮಗೆ ಒಂದು ಸುಳಿವು.

ದುಡ್ಡಿನ ವಿಷಯ ಮುಚ್ಚಿಡದೆ ಹೇಳಬೇಕು. 2023ರಲ್ಲಿ ಸಿಂಗಲ್ಸ್‌ನಲ್ಲಿ ಭಾರತದ ನಂಬರ್ ಒನ್ ಆಗಿದ್ದ ಸುಮಿತ್ ನಾಗಲ್, ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೊ ಎಂದು ಹೇಳಿಕೊಂಡಿದ್ದರು. ಒಬ್ಬ ಕೋಚ್ ಜೊತೆ ವರ್ಷವಿಡೀ ಪ್ರವಾಸ ಮಾಡಲು 80 ಲಕ್ಷದಿಂದ ಒಂದು ಕೋಟಿ ರೂಪಾಯಿ ಬೇಕಾಗುತ್ತದೆ ಅಂತಲೂ ಲೆಕ್ಕ ಕೊಟ್ಟಿದ್ದರು. ಮುಂದಿನ ಜನವರಿಯಲ್ಲೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರು 31ನೇ ಶ್ರೇಯಾಂಕದ ಬುಬ್ಲಿಕ್ ಅವರನ್ನು ಸೋಲಿಸಿದ್ದು ಬೇರೆ ಮಾತು. ನಾನು ಹೇಳುವುದು ಇಷ್ಟೇ: ದೊಡ್ಡ ಖರ್ಚು ಬರುವುದು 16, 17ರ ಮೇಲೆ. ತೋಟದ ಮೇಲಿನ ಸಾಲವನ್ನು 12ರಲ್ಲೇ ತೆಗೆದರೆ, ನಿಜವಾಗಿ ಬೇಕಾದ ದಿನ ನಿಮ್ಮ ಕೈಲಿ ಏನೂ ಉಳಿದಿರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಮನೆಯ ಸಾಲ ತನ್ನ ರ‍್ಯಾಕೆಟ್ ಮೇಲೆ ನಿಂತಿದೆ ಅಂತ ಗೊತ್ತಾದ ಹುಡುಗಿ ಸೆಕೆಂಡ್ ಸರ್ವ್ ಧೈರ್ಯವಾಗಿ ಮಾಡಲಾರಳು. ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ.

ಮೈಯ ಬಗ್ಗೆ ಎರಡು ಮಾತು. ಮಕ್ಕಳ ಕ್ರೀಡಾ ವೈದ್ಯರು ಹೇಳುವ ಸರಳ ಲೆಕ್ಕವೊಂದಿದೆ: ವಾರಕ್ಕೆ ಇಷ್ಟು ಗಂಟೆಯ ಸಂಘಟಿತ ಅಭ್ಯಾಸ ಅಂದರೆ, ಅದು ಮಗುವಿನ ವಯಸ್ಸನ್ನು ದಾಟಬಾರದು. 12 ವರ್ಷಕ್ಕೆ 12 ಗಂಟೆ. ಎತ್ತರ ಬೆಳೆಯುವ ಕಾಲದಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಬಂದರೆ ‘ಸುಮ್ನೆ ನಾಟಕ’ ಅನ್ನಬೇಡಿ. ಮೂಳೆ ಬೆಳೆಯುವ ಜಾಗದ ಮೇಲೆ ಎಳೆತ ಬಿದ್ದಾಗ ಹಾಗಾಗುತ್ತದೆ, ವಿಶ್ರಾಂತಿ ಬೇಕು. ಸೊಂಟದ ಹಿಂದೆ ವಾರಗಟ್ಟಲೆ ನೋವಿದ್ದರೆ ತಡ ಮಾಡದೆ ಮೂಳೆ ವೈದ್ಯರಿಗೆ ತೋರಿಸಿ. ರ‍್ಯಾಕೆಟ್‌ಗೆ ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕಿಸಿದ್ದರೆ ತೆಗೆಸಿ. ದೊಡ್ಡವರನ್ನು ನೋಡಿ ಎಲ್ಲರೂ ಹಾಕಿಸುತ್ತಾರೆ. ಅದು ಗಟ್ಟಿ, ಎಳೆಯ ಮೊಣಕೈಗೆ ಒಳ್ಳೆಯದಲ್ಲ. ಮುಂಗಾರಿನಲ್ಲಿ ಕೋರ್ಟ್ ಒದ್ದೆಯಾಗಿ ಆಟ ನಿಂತರೆ ತಲೆಕೆಡಿಸಿಕೊಳ್ಳಬೇಡಿ. ಆ ತಿಂಗಳುಗಳು ಹಗ್ಗದಾಟಕ್ಕೆ, ಓಟಕ್ಕೆ, ಒಳಾಂಗಣದಲ್ಲಿ ಶಟಲ್ ಆಡುವುದಕ್ಕೆ. ಶಟಲ್ ಆಡಿದರೆ ಟೆನಿಸ್ ಕೆಡುತ್ತದೆ ಎನ್ನುವ ಮಾತನ್ನು 12ರ ಮಗುವಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಶಾಲೆ ಬಿಡಿಸಬೇಡಿ ಎಂದೆ. ಸೆಂಟಿಮೆಂಟಿಗೆ ಹೇಳಿದ್ದಲ್ಲ. ಟೆನಿಸ್‌ನಲ್ಲಿ ಓದು ಒಂದು ದಾರಿಯೇ ಹೌದು. ಸೋಮದೇವ್ ದೇವವರ್ಮನ್ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ, 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜು ಸಿಂಗಲ್ಸ್ ಪ್ರಶಸ್ತಿ ಗೆದ್ದು ಆಮೇಲೆ ವೃತ್ತಿಪರರಾದರು. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡ್ ವಿರುದ್ಧ ಡೇವಿಸ್ ಕಪ್‌ಗೆ ಮೊದಲ ಸಲ ಇಳಿದು ಗೆದ್ದ ದಕ್ಷಿಣೇಶ್ವರ್ ಸುರೇಶ್ ಮದುರೈ ಹುಡುಗ. ಅವರೂ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ಅಂಥ ಕಡೆ ಒಳ್ಳೆ ಆಟಗಾರ್ತಿಯರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಆದರೆ ಅವರು ರ‍್ಯಾಂಕಿಂಗ್ ಜೊತೆ ಅಂಕಪಟ್ಟಿಯನ್ನೂ ಕೇಳುತ್ತಾರೆ. ಗಣಿತ, ಇಂಗ್ಲಿಷ್ ಬಿಟ್ಟುಕೊಡಬೇಡಿ. ಮುಂದೆ ಟೂರ್ನಿಗಳು ಹೆಚ್ಚಾಗಿ ಹಾಜರಾತಿಯೇ ಸಮಸ್ಯೆ ಆದಾಗ ರಾಷ್ಟ್ರೀಯ ಮುಕ್ತ ಶಾಲೆಯ ಬಗ್ಗೆ ನೋಡಿದರಾಯಿತು. ನೀವೇ ಶಿಕ್ಷಕಿ, ಇದನ್ನು ನನಗಿಂತ ಚೆನ್ನಾಗಿ ಸಂಭಾಳಿಸುತ್ತೀರಿ.

ಹಾಗಾದರೆ ಯಾವತ್ತಿಗೂ ಹೋಗಬಾರದಾ? ಹೋಗಬೇಕಾಗಬಹುದು. ಕಡೂರಿನ ವೇದಾ ಕೃಷ್ಣಮೂರ್ತಿ ಕ್ರಿಕೆಟ್‌ಗಾಗಿ ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿಗೆ ಬಂದು ಭಾರತ ತಂಡ ಸೇರಿದರು. ನಿಮ್ಮ ಮಗಳ ವಿಷಯದಲ್ಲಿ 14ರ ಹೊತ್ತಿಗೆ ಮತ್ತೆ ಯೋಚಿಸಿ. ಹಾಸನದಲ್ಲೂ ಮೈಸೂರಿನಲ್ಲೂ ಸಿಗುವವರನ್ನೆಲ್ಲ ಅವಳು ಸೋಲಿಸುತ್ತಿದ್ದರೆ, 14ರೊಳಗಿನ ಟೂರ್ನಿಗಳಲ್ಲಿ ಕ್ವಾರ್ಟರ್ ಫೈನಲ್ ಮಾಮೂಲಿ ಆಗಿದ್ದರೆ, ಮುಖ್ಯವಾಗಿ ಬೆಳಗ್ಗೆ ಐದಕ್ಕೆ ನೀವು ಎಬ್ಬಿಸದೆ ಅವಳೇ ಎದ್ದು ನಿಮ್ಮನ್ನು ಎಬ್ಬಿಸುತ್ತಿದ್ದರೆ, ಆಗ ಹೋಗಿ. ಸದ್ಯಕ್ಕೆ ನಿಮ್ಮ ಪತ್ರದಲ್ಲಿ ಕೋಚ್ ಏನಂದರು, ನೀವು ಏನು ಯೋಚಿಸಿದಿರಿ ಎಲ್ಲ ಇದೆ. ಅವಳು ಏನಂತಾಳೆ ಅನ್ನುವುದು ಮಾತ್ರ ಇಲ್ಲ. ಕೇಳಿ ನೋಡಿ. ಟೂರ್ನಿ ಸೋತು ಬರುವ ದಾರಿಯಲ್ಲಿ ಕೇಳಬೇಡಿ. ಯಡಿಯೂರಿನಲ್ಲಿ ಊಟಕ್ಕೆ ನಿಲ್ಲಿಸುವವರೆಗೆ ಮ್ಯಾಚ್ ಮಾತೇ ಬೇಡ. ಅಲ್ಲಿಂದ ಮುಂದೆಯೂ ಅವಳೇ ಎತ್ತಿದರೆ ಮಾತ್ರ ಮಾತಾಡಿ.

ಆ ಅಕಾಡೆಮಿಯನ್ನು ಪರೀಕ್ಷೆ ಮಾಡಲೂ ದಾರಿ ಇದೆ. ಏಪ್ರಿಲ್, ಮೇ ರಜೆಯಲ್ಲಿ ಎರಡು ವಾರಕ್ಕೆ ಮಾತ್ರ ಸೇರಿಸಿ, ನೀವೂ ಪಕ್ಕದಲ್ಲಿ ಕೂತು ನೋಡಿ. ಒಂದು ಕೋರ್ಟಿಗೆ ಎಷ್ಟು ಮಕ್ಕಳು? ನಿಮಗೆ ಮಾತು ಕೊಟ್ಟ ದೊಡ್ಡ ಕೋಚ್ ಅವಳ ಕೋರ್ಟಿನಲ್ಲಿ ನಿಲ್ಲುತ್ತಾರಾ, ಅಥವಾ ಬುಟ್ಟಿಯಿಂದ ಚೆಂಡು ಎಸೆಯಲು ಹುಡುಗನೊಬ್ಬನನ್ನು ಬಿಟ್ಟು ಫೋನಿನಲ್ಲಿರುತ್ತಾರಾ? ಅವಳಿಗಿಂತ ಸ್ವಲ್ಪ ಮೇಲಿನವರ ಜೊತೆ ದಿನಾ ಸೆಟ್ ಆಡಿಸುತ್ತಾರಾ? ಇಲ್ಲ ಅಂದರೆ ನೀವು ಹುಡುಕುತ್ತಿರುವ ಎದುರಾಳಿ ಅಲ್ಲೂ ಸಿಗುವುದಿಲ್ಲ. ಇಷ್ಟು ದಿನದಲ್ಲಿ ರ‍್ಯಾಂಕಿಂಗ್ ತರುತ್ತೇವೆ ಅಂತ ಭರವಸೆ ಕೊಟ್ಟು ವರ್ಷದ ಫೀಸನ್ನು ಒಟ್ಟಿಗೆ ಕೇಳಿದರೆ, ವಂದನೆ ಹೇಳಿ ಸಂಜೆಯ ರೈಲಿಗೆ ಊರಿಗೆ ಬನ್ನಿ.